ಬಕೆಟ್ಟು, ಮಗ್ಗು, ಒಂದು ಕೆರೆ

ಗ್ಯಾಸ್ ಮಾಸ್ಕ್ ಬೇಡ. ಬಿರುಕು ಬಿಟ್ಟ ನೆಲ ಬೇಡ. ಮುಖಕ್ಕೆ ಪ್ಲಾಸ್ಟಿಕ್ ಕವರ್ ಸುತ್ತುವುದು ಬೇಡ. ಗಾಜಿನ ಬಾಟಲಿಯಲ್ಲಿ ಗಿಡ ಇಟ್ಟು ಅದರಿಂದ ಮೂಗಿಗೆ ಆಕ್ಸಿಜನ್ ಪೈಪು ಎಳೆಯುವುದಂತೂ ಬೇಡವೇ ಬೇಡ.

ಮನುಷ್ಯ ಪ್ರಕೃತಿಯಿಂದ ದೂರವಾದದ್ದರ ಬಗ್ಗೆ ಹೊರಾಂಗಣದಲ್ಲಿ ಒಂದು ಪೋರ್ಟ್ರೇಟ್ ತೆಗೆಯಬೇಕು ಅಂತ ಕೂತರೆ ಮೊದಲು ತಲೆಗೆ ಬರುವುದು ಇವೇ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಾಲುಸಾಲಾಗಿ ಸಿಗುತ್ತವೆ. ಎಲ್ಲ ಕೆಟ್ಟ ಫೋಟೋಗಳು ಅಂತ ಹೇಳುತ್ತಿಲ್ಲ, ಕೆಲವಂತೂ ತುಂಬಾ ಶ್ರಮ ಹಾಕಿ ತೆಗೆದವು. ಆದರೆ ನೋಡಿದವರು ‘ಅಯ್ಯೋ ಪಾಪ ಭೂಮಿ’ ಅಂದುಕೊಂಡು ಮುಂದಿನ ರೀಲ್‌ಗೆ ಹೋಗುತ್ತಾರೆ. ಮಾಸ್ಕ್ ಹಾಕಿ ನಿಂತವನು ಯಾವುದೋ ಲೋಕದವನು. ಅವನಿಗೂ ನೋಡುವವರ ಮನೆಗೂ ಏನೂ ಸಂಬಂಧವಿಲ್ಲ. ನೋಡುಗನಿಗೆ ಯಾವ ಇರುಸುಮುರುಸೂ ಆಗುವುದಿಲ್ಲ.

ಬಿರುಕು ಬಿಟ್ಟ ನೆಲದ ಬಗ್ಗೆ ನನ್ನದು ಇನ್ನೂ ಒಂದು ತಕರಾರಿದೆ. ಬಯಲುಸೀಮೆಯ ಕೆರೆ ಬೇಸಿಗೆಯಲ್ಲಿ ಒಣಗುವುದು, ಅಂಗಳ ಬಿರುಕು ಬಿಡುವುದು ಹೊಸ ಸಂಗತಿಯೇನಲ್ಲ. ಹಿಂದೆ ಆ ತಿಂಗಳುಗಳಲ್ಲೇ ಊರಿನವರು ಕೆರೆಗೆ ಗಾಡಿ ಇಳಿಸಿ ಗೋಡು ಮಣ್ಣು ತುಂಬಿಕೊಂಡು ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಯ ಹೂಳು ತೆಗೆದಂತೆಯೂ ಆಯಿತು, ಹೊಲಕ್ಕೆ ಸಾರ ಬಿದ್ದಂತೆಯೂ ಆಯಿತು. ಅದೇ ಬಿರುಕಿನ ಮೇಲೆ ಒಬ್ಬ ಮಾಡೆಲನ್ನು ಮಲಗಿಸಿ ‘ಸಾಯುತ್ತಿರುವ ಭೂಮಿ’ ಅಂತ ಹೆಸರಿಡುವವರು ಆ ಊರಿನ ಯಾರನ್ನೂ ಒಂದು ಮಾತು ಕೇಳಿರುವುದಿಲ್ಲ.

ಜಾಗದ ವಿಷಯದಲ್ಲೂ ಇದೇ ಕಥೆ. ‘ಬಂಜರು ಥರ ಕಾಣಬೇಕು’ ಅಂದರೆ ಬೆಂಗಳೂರಿನ ಫೋಟೋಗ್ರಾಫರ್‌ಗಳು ಹೇಳುವ ಮೊದಲ ಹೆಸರು ಹೆಸರಘಟ್ಟ. ಒಣಹುಲ್ಲು, ದೊಡ್ಡ ಆಕಾಶ, ಒಂದೂ ಮರ ಅಡ್ಡ ಬರುವುದಿಲ್ಲ. ಆದರೆ ಅದು ಬಂಜರಲ್ಲ, ಹುಲ್ಲುಗಾವಲು. ಚಳಿಗಾಲದಲ್ಲಿ ಅಲ್ಲಿ ಗಿಡುಗಗಳು ನೆಲಕ್ಕೆ ಹತ್ತಿರ ತೇಲುತ್ತಾ ಬೇಟೆಯಾಡುವುದನ್ನು ನೋಡಲೆಂದೇ ಜನ ದುರ್ಬೀನು ಹಿಡಿದು ಬೆಳಗಿನ ಜಾವ ಹೋಗುತ್ತಾರೆ. ಪಕ್ಕದ ಕೆರೆ 1894ರಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಡಲು ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ್ದು. ಹುಲ್ಲನ್ನು ನೋಡಿ ‘ಇಲ್ಲಿ ಏನೂ ಇಲ್ಲ’ ಅನ್ನುವ ಕಣ್ಣಿಗೇ ನನ್ನ ವಿಷಯ ಅಂಟಿಕೊಂಡಿದೆ. ಅಂಥ ಜಾಗವನ್ನು ‘ಏನೂ ಇಲ್ಲದ ಜಾಗ’ದ ಪಾತ್ರಕ್ಕೆ ಹಾಕಿಕೊಂಡರೆ ಹೇಗೆ?

ಇದಕ್ಕೆ ಉಲ್ಟಾ ಇನ್ನೊಂದು ಉಂಟು. ‘ದಟ್ಟ ಕಾಡು ಬೇಕು’ ಅಂದವರನ್ನು ನೀಲಗಿರಿ ತೋಪಿಗೆ ಕರೆದುಕೊಂಡು ಹೋಗುತ್ತಾರೆ. ನೆಟ್ಟಗೆ ನಿಂತ ಬಿಳಿ ಕಾಂಡಗಳು, ಬೆಳಗಿನ ಮಂಜು, ನಡುವೆ ಉದ್ದ ಗೌನಿನ ಮದುಮಗಳು. ಪ್ರೀ-ವೆಡ್ಡಿಂಗ್ ಶೂಟಿಗೆ ಭರ್ಜರಿ. ಆ ಮರ ಆಸ್ಟ್ರೇಲಿಯಾದ್ದು. ಅಂತರ್ಜಲ ಹೀರುತ್ತದೆ ಅಂತ 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಕ್ಯಾಮೆರಾಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಅದಕ್ಕೆ ಹಸಿರು ಇದ್ದರೆ ಕಾಡು, ಕಂದು ಇದ್ದರೆ ಬಂಜರು.

ನಮ್ಮ ಫೋಟೋಗ್ರಫಿ ಕ್ಲಬ್ಬುಗಳ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಂತರರಾಷ್ಟ್ರೀಯ ಸಲೂನ್‌ಗಳಿಗೆ, ಅಂದರೆ ಫೋಟೋ ಸ್ಪರ್ಧೆಗಳಿಗೆ, ‘ನೇಚರ್’ ವಿಭಾಗದಲ್ಲಿ ಫೋಟೋ ಕಳಿಸಿದವರಿಗೆಲ್ಲ ಆ ನಿಯಮ ಬಾಯಿಪಾಠ. ಫೋಟೋಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ, ಫೋಟೋಗ್ರಫಿಯ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎಪಿ, ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ ಸೇರಿ ಒಪ್ಪಿಕೊಂಡ ವ್ಯಾಖ್ಯಾನ ಅದು. ಚೌಕಟ್ಟಿನೊಳಗೆ ಮನುಷ್ಯನ ಗುರುತು ಇರಬಾರದು. ಬೇಲಿ, ವೈರು, ಕಟ್ಟಡ ಯಾವುದೂ ಬೇಡ. ಮನುಷ್ಯ ಕಟ್ಟಿದ ಜಾಗಕ್ಕೆ ಹೊಂದಿಕೊಂಡ ಕಣಜ ಗೂಬೆಯೋ ಕೊಕ್ಕರೆಯೋ ಆದರೆ ವಿನಾಯಿತಿ ಇದೆ. ಹುಲಿಯ ಕುತ್ತಿಗೆಗೆ ವಿಜ್ಞಾನಿಗಳು ಹಾಕಿದ ರೇಡಿಯೋ ಕಾಲರ್ ಇದ್ದರೂ ಪರವಾಗಿಲ್ಲ. ಸ್ಪರ್ಧೆಗೆ ಏನೋ ಒಂದು ಗೆರೆ ಬೇಕಾಗುತ್ತದೆ, ಒಪ್ಪೋಣ. ಆದರೆ ವರ್ಷಗಟ್ಟಲೆ ಈ ಗೆರೆಯೊಳಗೆ ಫೋಟೋ ತೆಗೆದು ತೆಗೆದು ಕಣ್ಣು ಒಂದು ಅಭ್ಯಾಸಕ್ಕೆ ಬೀಳುತ್ತದೆ. ಹಕ್ಕಿಯ ಹಿಂದೆ ಕರೆಂಟ್ ಕಂಬ ಕಂಡ ಕೂಡಲೇ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತೇವೆ. ಕಂಬ ಮಾಯ. ಹಾಗೆ ಸರಿದು ಸರಿದು, ಪ್ರಕೃತಿ ಅಂದರೆ ನಾವಿಲ್ಲದ ಜಾಗ ಅಂತ ಒಪ್ಪಿಕೊಂಡಿದ್ದೇವೆ.

ಹಾಗಾಗಿ ನನ್ನ ಪೋರ್ಟ್ರೇಟ್ ಕಾಡಿನಲ್ಲಿ ಬೇಡ, ಬಂಜರಲ್ಲೂ ಬೇಡ ಅಂತಾಯಿತು. ಮತ್ತೆ ಎಲ್ಲಿ?

ಬೆಂಗಳೂರಿನ ಬೆಳ್ಳಂದೂರು ಕೆರೆ ಅಂತ ಅನ್ನಿಸದೇ ಇರಲಿಲ್ಲ. ಕೋಡಿಯಿಂದ ಉಕ್ಕಿ ರಸ್ತೆಗೆ ಹಾರಿದ ಆ ನೊರೆ, 2018ರ ಜನವರಿಯಲ್ಲಿ ಕೆರೆಗೇ ಬಿದ್ದ ಬೆಂಕಿ, ಅದನ್ನು ಆರಿಸಲು ಸೈನಿಕರು ಬಂದದ್ದು, ಇವನ್ನೆಲ್ಲ ದೇಶ ವಿದೇಶದ ಕ್ಯಾಮೆರಾಗಳು ಹಿಡಿದಿವೆ. ನೊರೆಗೆ ಕಾರಣ ದೊಡ್ಡ ರಹಸ್ಯವೇನಲ್ಲ. ನಾವು ಬಟ್ಟೆಗೆ, ಪಾತ್ರೆಗೆ, ಮೈಗೆ ಹಾಕುವ ಸೋಪು ಚರಂಡಿಯಲ್ಲಿ ಬಂದು ಕೆರೆ ಸೇರುತ್ತದೆ. ಕೋಡಿಯಲ್ಲಿ ನೀರು ಮೇಲಿಂದ ಧುಮುಕಿದಾಗ ಗಾಳಿ ಬೆರೆತು ಉಕ್ಕುತ್ತದೆ. ಆದರೂ ನೊರೆಯ ಫೋಟೋಗಳು ನೋಡಲು ಹಿಮಾಲಯದಂತೆ ಚಂದ. ಆ ಚಂದವೇ ನನಗೆ ಅಡ್ಡಿ. ನೋಡಿದವರು ‘ವಾವ್’ ಅನ್ನುತ್ತಾರೆ, ಆಮೇಲೆ ಬೈಯಲು ಯಾರನ್ನೋ ಹುಡುಕುತ್ತಾರೆ. ತಾವು ಬೆಳಿಗ್ಗೆ ಹಚ್ಚಿಕೊಂಡ ಸೋಪನ್ನು ಮಾತ್ರ ನೆನೆಸಿಕೊಳ್ಳುವುದಿಲ್ಲ.

ಸೋಪು ಅನ್ನುವ ಜಾಗದಿಂದ ಬಚ್ಚಲುಮನೆಗೆ ಜಾಸ್ತಿ ದೂರವಿಲ್ಲ. ಬಚ್ಚಲುಮನೆ ಅಂದಾಗ ಚಿಕ್ಕಮ್ಮ ನೆನಪಾದರು.

ಚಿಕ್ಕಮ್ಮ ಹುಟ್ಟಿ ಬೆಳೆದದ್ದು ಕೋಲಾರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಬೆಂಗಳೂರಿಗೆ ಬಂದವರು ಈಗ ಬಿಟಿಎಂ ಲೇಔಟಿನಲ್ಲಿ ಒಂದು ಮನೆಯ ಮೂರನೇ ಮಹಡಿಯಲ್ಲಿದ್ದಾರೆ. ಶವರ್ ಇದ್ದರೂ ಅವರಿಗೆ ಬಕೆಟ್ಟು, ಮಗ್ಗೇ ಆಗಬೇಕು. ಊರಿಗೆ ಹೋಗಿ ಬಂದಾಗೆಲ್ಲ ಒಂದೇ ಮಾತು: ‘ಕೆರೆ ಹೆಂಗೆ ತುಂಬಿ ನಿಂತೈತೆ ಅಂತೀಯಾ! ಬೆಂಗಳೂರು ನೀರಂತೆ.’ ಆ ‘ಬೆಂಗಳೂರು ನೀರಂತೆ’ ಅನ್ನುವುದನ್ನು ಅವರು ‘ಸಂಬಂಧಿಕರ ಹುಡುಗನಂತೆ’ ಅನ್ನುವ ಧಾಟಿಯಲ್ಲಿ ಹೇಳುತ್ತಾರೆ. ಯಾರ ಮನೆಯದು, ಯಾವ ಕಡೆಯಿಂದ ಅಂತ ಕೇಳುವುದಿಲ್ಲ. ಆ ನೀರಿನಲ್ಲಿ ಅವರ ಸ್ನಾನದ್ದೂ ಸೇರಿರಬಹುದು ಅಂತ ಹೇಳಿದಾಗ ಮೊದಲು ನಕ್ಕರು, ಆಮೇಲೆ ಮುಖ ಕಿವುಚಿದರು.

ಈ ನೀರಿನ ದಾರಿಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಫೋಟೋದ ಜೀವ ಇಲ್ಲೇ ಇರುವುದು.

ಶಿವನಸಮುದ್ರದ ಹತ್ತಿರ ಶಿವ ಅಣೆಕಟ್ಟಿನಲ್ಲಿ ಕಾವೇರಿಯಿಂದ ನೀರು ತಿರುಗಿಸುತ್ತಾರೆ. ಅದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಬಂದು ಶುದ್ಧವಾಗುತ್ತದೆ. ಅಲ್ಲಿಂದ ಬೆಂಗಳೂರಿಗೆ ಸುಮಾರು 100 ಕಿ.ಮೀ. ದಾರಿ, ಅದೂ ಏರುದಾರಿ. ನಗರ ಇರುವುದು ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನ ದಿಣ್ಣೆಯ ಮೇಲೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪ್ ಮಾಡಿ ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ನೀರನ್ನು ಹತ್ತಿಸಬೇಕು. ಮೊದಲ ಹಂತ ಶುರುವಾದದ್ದು 1974ರಲ್ಲಿ. ಐದನೇ ಹಂತ 2024ರ ಅಕ್ಟೋಬರಿನಲ್ಲಿ ಬಂತು, ದಿನಕ್ಕೆ 77.5 ಕೋಟಿ ಲೀಟರ್ ಲೆಕ್ಕದಲ್ಲಿ. ಅದೇ ವರ್ಷ ಮಾರ್ಚಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿದ್ದು ನೆನಪಿರಬಹುದು.

ಇಷ್ಟೆಲ್ಲ ಹತ್ತಿ ಬಂದ ನೀರು ಚಿಕ್ಕಮ್ಮನ ಬಕೆಟ್ಟಿನಲ್ಲಿ ಇರುವುದು ಹೆಚ್ಚೆಂದರೆ ಹತ್ತು ನಿಮಿಷ. ಆಮೇಲೆ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ.

ಬೆಂಗಳೂರಿನ ದಿಣ್ಣೆಯಿಂದ ನೀರು ಬೇರೆ ಬೇರೆ ದಿಕ್ಕಿಗೆ ಇಳಿಯುತ್ತದೆ. ಪಶ್ಚಿಮದ ಇಳಿಜಾರಿನದ್ದು ವೃಷಭಾವತಿ ಸೇರಿ, ಅರ್ಕಾವತಿ ಸೇರಿ, ಕೊನೆಗೆ ಕಾವೇರಿಗೇ ವಾಪಸ್ಸು. ಪೂರ್ವದ ಇಳಿಜಾರಿನದ್ದು ದಕ್ಷಿಣ ಪಿನಾಕಿನಿಯ ಕಡೆ. ಬಿಟಿಎಂ ಇರುವುದು ಈ ಪೂರ್ವದ ಇಳಿಜಾರಿನಲ್ಲಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ. ಮಡಿವಾಳ ಕೆರೆ, ಅಗರ, ಬೆಳ್ಳಂದೂರು, ವರ್ತೂರು ಅಂತ ಒಂದರ ಕೋಡಿ ಇನ್ನೊಂದಕ್ಕೆ ಹೋಗುವ ಸರಣಿ. ಕೊಳಚೆ ಪೈಪುಗಳೂ ಹೆಚ್ಚುಕಡಿಮೆ ಅದೇ ಇಳಿಜಾರಿನಲ್ಲಿ ಹೋಗುತ್ತವೆ. ಕೆಳಗಿರುವ ಸಂಸ್ಕರಣಾ ಘಟಕದಲ್ಲಿ ಗಸಿ ತಳಕ್ಕೆ ಕೂರಿಸಿ, ಗಾಳಿ ಊದಿ, ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಕೆಲಸ ಕೊಟ್ಟು, ಮತ್ತೆ ಗಸಿ ಕೂರಿಸಿ ನೀರು ಬಿಡುತ್ತಾರೆ. ಇದು ಎರಡನೇ ಹಂತದವರೆಗಿನ ಸಂಸ್ಕರಣೆ.

ಹಿಂದೆ ಈ ನೀರು ಕಣಿವೆಯಲ್ಲೇ ಕೆಳಗೆ ಹರಿದು ಹೋಗುತ್ತಿತ್ತು. ಈಗ ಅದನ್ನು ದೊಡ್ಡ ಪೈಪಿಗೆ ತುಂಬಿ ಕೋಲಾರಕ್ಕೆ ಪಂಪ್ ಮಾಡುತ್ತಾರೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಹೆಸರಿನಲ್ಲೇ ಜನ ಕರೆಯುವುದು ಕೆ.ಸಿ. ವ್ಯಾಲಿ ನೀರು ಅಂತ. ಯೋಜನೆಯ ಕಾಗದದಲ್ಲಿ ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. 2018ರ ಜೂನಿನಲ್ಲಿ ಮೊದಲು ನೀರು ಬಿದ್ದದ್ದು ಲಕ್ಷ್ಮೀಸಾಗರ ಕೆರೆಗೆ. ಅಲ್ಲಿಂದ ಕೋಡಿ, ಕಾಲುವೆ ಹಿಡಿದು ಒಂದು ಕೆರೆಯಿಂದ ಮುಂದಿನ ಕೆರೆಗೆ. ಕೆರೆಯಿಂದ ನೇರವಾಗಿ ಮೋಟಾರ್ ಇಟ್ಟು ಎತ್ತುವಂತಿಲ್ಲ, ನೆಲಕ್ಕೆ ಇಂಗಿ ಬೋರ್‌ವೆಲ್‌ಗಳಲ್ಲಿ ನೀರು ಏರಲಿ ಅನ್ನುವುದು ಉದ್ದೇಶ. ವರ್ಷವಿಡೀ ಹರಿಯುವ ನದಿ ಇಲ್ಲದ, ಸಾವಿರ ಅಡಿ ದಾಟಿ ಬೋರು ಕೊರೆಸಿದರೂ ಬರೀ ಧೂಳು ಬಂದ ಜಿಲ್ಲೆಗೆ ಇದು ಏನು ಅಂತ ಬೆಂಗಳೂರಿನಲ್ಲಿ ಕೂತವರಿಗೆ ತಿಳಿಯುವುದು ಕಷ್ಟ. ಗಲಾಟೆಯೂ ಆಗಿದೆ. ಶುರುವಾದ ಮರುತಿಂಗಳೇ ಲಕ್ಷ್ಮೀಸಾಗರದಲ್ಲಿ ನೊರೆ ಕಾಣಿಸಿಕೊಂಡಿತು. ವಿಷಯ ಹೈಕೋರ್ಟಿಗೂ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಎರಡನೇ ಹಂತದಲ್ಲಿ ಉಳಿದುಬಿಡುವ ಕೊಳೆಯನ್ನೂ ತೆಗೆಯುವ ಮೂರನೇ ಹಂತದ ಸಂಸ್ಕರಣೆ ಬೇಕೇ ಬೇಕು ಅಂತ ಕೋಲಾರದ ಹೋರಾಟಗಾರರು ಇವತ್ತಿಗೂ ಕೇಳುತ್ತಿದ್ದಾರೆ. ನನ್ನ ಪ್ರಕಾರ ಅದು ನ್ಯಾಯವಾದ ಬೇಡಿಕೆ. ನಾವು ನಮ್ಮ ಕುಡಿಯುವ ನೀರಿಗೆ ಎರಡನೇ ಹಂತ ಸಾಕು ಅಂತ ಒಪ್ಪುತ್ತಿದ್ದೆವಾ?

ಈಗ ಇದನ್ನು ಪೂರ್ತಿ ಒಂದು ಸಲ ನೋಡಿ. ಮಂಡ್ಯ ಜಿಲ್ಲೆಯಲ್ಲಿ ಎತ್ತಿದ ಕಾವೇರಿ, ಬಿಟಿಎಂನಲ್ಲಿ ಸ್ನಾನವಾಗಿ, ಯಾವತ್ತೂ ಕಾವೇರಿ ಕೊಳ್ಳಕ್ಕೆ ಸೇರದ ಕೋಲಾರದ ಕೆರೆಗೆ ಹೋಗಿ ನಿಂತಿದೆ. ಅದೂ ಸ್ನಾನ ಮಾಡಿದವರ ತವರಿಗೆ. ಮನುಷ್ಯನಿಗೂ ಪ್ರಕೃತಿಗೂ ಸಂಬಂಧ ಕಡಿದುಹೋಗಿದೆ ಅಂತ ನಾವು ಹಾಡುತ್ತಾ ಇದ್ದೇವೆ. ಎಲ್ಲಿ ಕಡಿದಿದೆ? ಹಿಂದೆಂದೂ ಇಲ್ಲದಷ್ಟು ಬಿಗಿಯಾಗಿದೆ. ಪೈಪಿನೊಳಗೆ ಇದೆ, ರಸ್ತೆಯ ಕೆಳಗೆ ಇದೆ, ಅದಕ್ಕೇ ಕಾಣುವುದಿಲ್ಲ. ಚಿಕ್ಕಮ್ಮನ ಅಜ್ಜಿಗೆ ತಮ್ಮ ನೀರು ಯಾವ ತೂಬಿನಿಂದ ಬರುತ್ತದೆ, ಯಾರು ಬಿಡುತ್ತಾರೆ ಅಂತ ಗೊತ್ತಿತ್ತು. ನೀರುಗಂಟಿ ಅದೇ ಬೀದಿಯವನು. ಚಿಕ್ಕಮ್ಮನಿಗೆ ಗೊತ್ತಿರುವುದು ಇಷ್ಟು: ದಿನ ಬಿಟ್ಟು ದಿನ ಬರುತ್ತದೆ, ಸಂಪ್ ತುಂಬಿಸಿಕೊಳ್ಳಬೇಕು.

ಇಲ್ಲಿಗೆ ಫೋಟೋದ ಐಡಿಯಾ ಸಿಕ್ಕಿತು. ಊರಿನ ಕೆರೆ ಏರಿಯ ಮೇಲೆ, ಬೆಂಗಳೂರಿನ ಬಚ್ಚಲುಮನೆಯಿಂದ ಈಗ ತಾನೇ ಎದ್ದು ಬಂದವರಂತೆ, ಚಿಕ್ಕಮ್ಮ. ನೈಟಿ, ಹೆಗಲ ಮೇಲೆ ಟವೆಲ್, ಕಾಲಿಗೆ ಹವಾಯಿ ಚಪ್ಪಲಿ, ಒಂದು ಕೈಯಲ್ಲಿ ನೀಲಿ ಬಕೆಟ್ಟು, ಅದರೊಳಗೆ ಕೆಂಪು ಮಗ್ಗು. ಹಿಂದೆ ತುಂಬಿದ ಕೆರೆ. ಅಳುವ ಮುಖ ಬೇಡ, ದೂರ ನೋಡುವುದು ಬೇಡ. ಸೀದಾ ಲೆನ್ಸಿಗೆ ನೋಡಬೇಕು, ಬಚ್ಚಲು ಬಾಗಿಲು ಯಾರೋ ತಟ್ಟಿದಾಗ ‘ಯಾರು?’ ಅನ್ನುವಾಗ ಇರುತ್ತದಲ್ಲ, ಆ ಮುಖ.

ನೇರ ನೋಟದ ಆಸೆಗೆ ಒಂದು ಕಾರಣವಿದೆ. ಗಿಡಿಯನ್ ಮೆಂಡೆಲ್ ಅಂತ ದಕ್ಷಿಣ ಆಫ್ರಿಕಾ ಮೂಲದ ಫೋಟೋಗ್ರಾಫರ್ 2007ರಲ್ಲಿ ಇಂಗ್ಲೆಂಡಿನಲ್ಲೂ ಭಾರತದಲ್ಲೂ ಪ್ರವಾಹ ಬಂದಾಗ ಜನರ ಪೋರ್ಟ್ರೇಟ್ ತೆಗೆಯಲು ಶುರು ಮಾಡಿದವರು. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಮುಂದುವರಿಸಿದರು. ನೀರು ನುಗ್ಗಿದ ತಮ್ಮದೇ ಮನೆಯಲ್ಲಿ, ಅಂಗಳದಲ್ಲಿ, ಸೊಂಟದ ತನಕ ನೀರಲ್ಲಿ ನಿಂತು ಜನ ಸುಮ್ನೆ ಕ್ಯಾಮೆರಾ ನೋಡುತ್ತಾರೆ. ಕಿರುಚಾಟ ಇಲ್ಲ, ವೇಷ ಇಲ್ಲ. ಆ ನೋಟದ ಎದುರು ನೋಡುಗ ತಪ್ಪಿಸಿಕೊಳ್ಳುವುದು ಕಷ್ಟ. ಅವರದು ನಡೆದ ದುರಂತ, ನನ್ನದು ಕಟ್ಟಿ ನಿಲ್ಲಿಸಿದ ದೃಶ್ಯ. ಎರಡೂ ಒಂದೇ ತೂಕದ್ದಲ್ಲ, ಆ ಗಾಂಭೀರ್ಯವನ್ನು ಸಾಲ ತಂದರೆ ನಗೆಪಾಟಲಾಗುತ್ತದೆ. ಅದಕ್ಕೇ ಕೆಂಪು ಮಗ್ಗು ಇರಲಿ ಅಂತ. ಮೊದಲು ಸ್ವಲ್ಪ ನಗು ಬರಲಿ.

ಲೆನ್ಸಿನ ಲೆಕ್ಕಾಚಾರಕ್ಕೆ ಬರೋಣ. ಪೋರ್ಟ್ರೇಟ್ ಅಂದ ಕೂಡಲೇ ನಮ್ಮ ಕೈ ಹೋಗುವುದು 85 ಎಂ.ಎಂ. ಲೆನ್ಸಿಗೆ, ಎಫ್ 1.8ಕ್ಕೆ. ಮುಖ ಚಕಚಕ, ಹಿಂದಿನದೆಲ್ಲ ಬೆಣ್ಣೆ ಕರಗಿದಂತೆ. ಆ ಮಸುಕಿಗೆ ‘ಬೊಕೆ ಸೂಪರ್ ಆಗಿದೆ’ ಅಂತ ಕಾಮೆಂಟು. ಯೋಚಿಸಿದರೆ ತಮಾಷೆ ಅನ್ನಿಸುತ್ತದೆ. ಒಬ್ಬ ಮನುಷ್ಯನನ್ನು ಅವನು ನಿಂತ ಜಾಗದಿಂದ ಬಿಡಿಸಿ ಎತ್ತುವುದಕ್ಕೆ ನಾವು ಲಕ್ಷ ರೂಪಾಯಿ ಕೊಟ್ಟು ಗಾಜು ಕೊಳ್ಳುತ್ತೇವೆ. ಈ ಫೋಟೋಗೆ ಅದು ನಡೆಯುವುದಿಲ್ಲ. ಕೆರೆ ಮಸುಕಾದರೆ ಕಥೆಯೇ ಹೋಯಿತು. ಅಗಲಕ್ಕೆ ನೋಡುವ 35 ಎಂ.ಎಂ. ಲೆನ್ಸು, ಹತ್ತಿರದ್ದನ್ನೂ ದೂರದ್ದನ್ನೂ ಸ್ಪಷ್ಟವಾಗಿ ಹಿಡಿಯುವ ಎಫ್ 8 ಅಥವಾ 11. ಚಿಕ್ಕಮ್ಮನ ಚಪ್ಪಲಿಯ ಪಟ್ಟಿಯೂ ಕಾಣಬೇಕು, ಆಚೆ ದಡದ ಜಾಲಿಯೂ ಕಾಣಬೇಕು. ಹತ್ತಿರ ಹೋದರೆ 35ರಲ್ಲಿ ಮೂಗು ದೊಡ್ಡದಾಗುತ್ತದೆ, ಅದಕ್ಕೆ ಸ್ವಲ್ಪ ದೂರ ನಿಂತು ಇಡೀ ದೇಹ ಹಿಡಿಯುವುದು. ಕ್ಯಾಮೆರಾ ಎದೆಮಟ್ಟದಲ್ಲಿ. ಕೆಳಗಿನಿಂದ ತೆಗೆದರೆ ಕಟೌಟ್ ಥರ ಆಗುತ್ತದೆ. ಮೇಲಿಂದ ತೆಗೆದರೆ ಪಾಪದವರ ಥರ.

ಬೆಳಕು? ಗೋಲ್ಡನ್ ಅವರ್ ಬೇಡ. ಆ ಬಂಗಾರದ ಬೆಳಕು ಬಿದ್ದರೆ ಕಸದ ಗುಡ್ಡೆಯೂ ಕ್ಯಾಲೆಂಡರ್ ಆಗಿಬಿಡುತ್ತದೆ. ನನಗೆ ಬೇಕಿರುವುದು ಮೋಡದ ಬೆಳಗು, ಆರೂವರೆ ಏಳರ ಹೊತ್ತು, ಹೆಚ್ಚುಕಡಿಮೆ ಬಚ್ಚಲುಮನೆಯ ಟ್ಯೂಬ್‌ಲೈಟಿನಂಥ ನೆರಳಿಲ್ಲದ ಬೆಳಕು. ಕೋಲಾರದಲ್ಲಿ ಹಿಂಗಾರಿನ ದಿನಗಳಲ್ಲಿ, ಅಂದರೆ ದೀಪಾವಳಿ ಆಸುಪಾಸಿನಲ್ಲಿ, ಅಂಥ ಬೆಳಗುಗಳು ಸಿಗುತ್ತವೆ. ಫ್ಲ್ಯಾಶ್ ಬದಲು ಒಂದು ಥರ್ಮೋಕೋಲ್ ಹಾಳೆ ಸಾಕು, ಗಾಳಿಗೆ ಹಾರದಂತೆ ಹಿಡಿಯಲು ತಮ್ಮನ ಮಗ ಬರುತ್ತಾನೆ. ಪ್ರತಿಫಲನ ಕಡಿಮೆ ಮಾಡುವ ಪೋಲರೈಸರ್ ಫಿಲ್ಟರ್ ಹಾಕುವುದಿಲ್ಲ. ನೀರಿನ ಮೇಲಿನ ಹೊಳಪು ಹೋದರೆ ಅದು ನೀರೋ ನೆಲವೋ ತಿಳಿಯುವುದಿಲ್ಲ.

ಚಿಕ್ಕಮ್ಮನನ್ನು ನೀರಿಗೆ ಇಳಿಸುವ ಮಾತೇ ಇಲ್ಲ. ಮೊಣಕಾಲ ತನಕ ನೀರಲ್ಲಿ ನಿಂತರೆ ಚೌಕಟ್ಟು ಎಷ್ಟು ಚೆನ್ನಾಗಿರುತ್ತದೆ ಅಂತ ಸ್ನೇಹಿತನೊಬ್ಬ ಹೇಳಿದ. ಇರಬಹುದು. ಆದರೆ ಕೆರೆ ಅಂಗಳದಲ್ಲಿ ಮಣ್ಣು ತೆಗೆದ ಗುಂಡಿಗಳು ನೀರಿನ ಕೆಳಗೆ ಕಾಣುವುದಿಲ್ಲ. ಎಷ್ಟು ಊರುಗಳಲ್ಲಿ ಈಜಲು ಇಳಿದ ಹುಡುಗರು ಇಂಥ ಗುಂಡಿಗಳಲ್ಲೇ ಹೋಗಿದ್ದಾರೆ. ಜೊತೆಗೆ ಅದು ಎರಡನೇ ಹಂತದ ನೀರು. ನನ್ನ ಒಂದು ಫೋಟೋಗೋಸ್ಕರ ಅವರ ಕಾಲಿಗೆ ತುರಿಕೆ ಯಾಕೆ? ಏರಿ ಗಟ್ಟಿಯಾಗಿದೆ, ಅಗಲವಾಗಿದೆ, ಅಲ್ಲೇ ಸಾಕು. ಪಂಚಾಯಿತಿಯವರಿಗೂ ಮೀನು ಗುತ್ತಿಗೆ ಹಿಡಿದವರಿಗೂ ಮೊದಲೇ ಒಂದು ಮಾತು ಹೇಳಿಟ್ಟರೆ ಒಳ್ಳೆಯದು. ಕೆ.ಸಿ. ವ್ಯಾಲಿ ವಿಷಯ ಬಿಸಿಯಾಗಿರುವ ಕಡೆ ಕ್ಯಾಮೆರಾ ಕಂಡರೆ ಯಾವ ಟಿವಿಯವರು, ಯಾರ ಪರ ಅಂತ ಕೇಳುತ್ತಾರೆ. ಕೇಳಲೇಬೇಕು.

ಇಷ್ಟೆಲ್ಲ ಮನಸ್ಸಿನಲ್ಲಿ ಹಾಕಿಕೊಂಡು ಚಿಕ್ಕಮ್ಮನಿಗೆ ವಿವರಿಸಿದೆ. ಜನ ನೀರಿನಿಂದ, ಮಣ್ಣಿನಿಂದ ಹೇಗೆ ದೂರವಾದರು, ಹಿಂದೆ ಹೇಗೆ ಹತ್ತಿರ ಇದ್ದರು ಅಂತ. ಅವರು ಹುರುಳಿಕಾಯಿ ನಾರು ತೆಗೆಯುತ್ತಾ ಪೂರ್ತಿ ಕೇಳಿಸಿಕೊಂಡರು.

‘ಹತ್ರ ಇದ್ವಿ, ಹೌದಪ್ಪ. ಬೇಸಿಗೇಲಿ ಬಾವಿ ಬತ್ತಿದಾಗ ಮೈಲಿಗಟ್ಲೆ ನಡೀಬೇಕಿತ್ತು. ಸೊಂಟದ ಮೇಲೊಂದು ಕೊಡ, ತಲೆ ಮೇಲೊಂದು. ಇಸ್ಕೂಲ್ ಬಿಡಿಸಿದ್ದೇ ಅದಕ್ಕೆ. ಅಷ್ಟು ಹತ್ರ ನಿಂಗೆ ಬೇಕಾ?’

ಇದಕ್ಕೆ ಉತ್ತರ ಹೇಳುವುದು ಸುಲಭವಲ್ಲ. ಪ್ರಕೃತಿಯ ಜೊತೆಗಿನ ಒಡನಾಟ ಅಂತ ನಾವು ಬರೆಯುವುದೆಲ್ಲ ಬಹಳ ಮಟ್ಟಿಗೆ ಯಾರದೋ ದುಡಿಮೆ. ಹೆಚ್ಚಾಗಿ ಹೆಂಗಸರದ್ದು. ನಲ್ಲಿ ಬಂದಾಗ ಚಿಕ್ಕಮ್ಮನ ಪೀಳಿಗೆಗೆ ಬಿಡುಗಡೆ ಸಿಕ್ಕಿತು. ಆ ನಲ್ಲಿಯನ್ನು ಬೈಯುವ ಫೋಟೋ ತೆಗೆಯಲು ನನಗೆ ಯಾವ ಹಕ್ಕೂ ಇಲ್ಲ. ಕೊಡ ಹೊರದ ಗಂಡಸರು ಹಳೆ ಕಾಲದ ಕೆರೆಗಳ ಬಗ್ಗೆ ಕಣ್ಣೀರು ಹಾಕುವುದು ನೋಡಿದರೆ ನನಗೂ ಈಗೀಗ ಮುಜುಗರವಾಗುತ್ತದೆ, ನಾನೂ ಅದೇ ಗುಂಪಿನವನಾದರೂ.

ಆದರೂ ಫೋಟೋ ಬಿಡಬೇಕು ಅನ್ನಿಸಲಿಲ್ಲ. ನಲ್ಲಿ ಬೇಕು, ಸರಿ. ನಲ್ಲಿಯ ಹಿಂದೆ ಏನಿದೆ, ಬಚ್ಚಲಿನ ಮುಂದೆ ಏನಿದೆ ಅಂತ ತಿಳಿಯಲು ಕೊಡ ಹೊರಲೇಬೇಕು ಅಂತೇನಿಲ್ಲವಲ್ಲ. ಚಿಕ್ಕಮ್ಮ ಸೋತವರಂತೆ, ತಪ್ಪಿತಸ್ಥರಂತೆ ಕಾಣಬಾರದು, ಅಷ್ಟೇ. ಬಕೆಟ್ಟು ಹಿಡಿದು ತಮ್ಮ ಮನೆಯ ಬಚ್ಚಲಲ್ಲಿ ಇದ್ದಷ್ಟೇ ನಿರಾಳವಾಗಿ ಅಲ್ಲಿ ನಿಲ್ಲಬೇಕು. ಅದು ಅವರದೇ ನೀರು, ಮೊದಲೂ, ಆಮೇಲೂ.

ಒಂದು ಸಮಸ್ಯೆ ಹಾಗೇ ಉಳಿದಿದೆ. ಇದನ್ನೆಲ್ಲ ಓದದೆ ಬರೀ ಫೋಟೋ ನೋಡಿದವರಿಗೆ ಏನು ತಿಳಿಯುತ್ತದೆ? ನೈಟಿ ಹಾಕಿದ ಹೆಂಗಸು, ಕೆರೆ, ಬಕೆಟ್ಟು. ಕೆರೆಗೆ ಸ್ನಾನಕ್ಕೆ ಹೋಗಿದ್ದಾರೆ ಅಂದುಕೊಳ್ಳಬಹುದು! ನೀರು ಸುರಿಯುವ ಪೈಪಿನ ಬಾಯಿಯನ್ನು ಚೌಕಟ್ಟಿನಲ್ಲಿ ತರಬಹುದು, ಆದರೆ ಆಗ ಅದು ಇಲಾಖೆಯ ಬ್ರೋಷರ್ ಆಗುತ್ತದೆ. ಬಿಟಿಎಂನ ಬಚ್ಚಲುಮನೆಯಲ್ಲೂ ಒಂದು ತೆಗೆದು ಎರಡನ್ನೂ ಪಕ್ಕಪಕ್ಕ ಇಡಬಹುದು. ಇದು ಪರವಾಗಿಲ್ಲ, ಆದರೆ ಶಾಲೆಯ ಚಾರ್ಟಿನ ವಾಸನೆ ಬರುತ್ತದೆ. ಒಳ್ಳೆಯ ಫೋಟೋಗೆ ಅಡಿಬರಹ ಬೇಡ ಅನ್ನುವ ಪಂಥದವರು ನಮ್ಮಲ್ಲಿ ಬಹಳ. ನಾನು ಆ ಪಂಥ ಬಿಟ್ಟಿದ್ದೇನೆ. ಕಾಣದ ಪೈಪಿನ ಬಗ್ಗೆ ಫೋಟೋ ಮಾಡುವವನು ಎರಡು ಸಾಲು ಬರೆಯಲು ನಾಚಿಕೊಂಡರೆ ಆಗುತ್ತದಾ? ‘ಶಿವನಸಮುದ್ರ, ತೊರೆಕಾಡನಹಳ್ಳಿ, ಬಿಟಿಎಂ ಲೇಔಟ್, ಬೆಳ್ಳಂದೂರು, ಕೋಲಾರ’ ಅಂತ ಊರುಗಳ ಹೆಸರನ್ನು ಬಸ್ ಬೋರ್ಡಿನ ಥರ ಬರೆದುಬಿಡುತ್ತೇನೆ. ಜೊತೆಗೆ ಚಿಕ್ಕಮ್ಮ ಸ್ನಾನಕ್ಕೆ ಬಳಸುವ ನೀರು ಎಷ್ಟು ಲೀಟರ್ ಅಂತ. ಸಾಕು.

ಅವರು ಒಪ್ಪಿದ್ದಾರೆ ಅಂತ ಹೇಳಿದೆನಾ? ಪೂರ್ತಿ ಒಪ್ಪಿಲ್ಲ. ನೈಟಿಯ ಮೇಲೆ ಚೌಕಾಸಿ ನಡೆಯುತ್ತಿದೆ. ‘ತವರಿಗೆ ನೈಟಿನಲ್ಲಿ ಹೋಗಿ ಏರಿ ಮೇಲೆ ನಿಂತ್ಕೊಂಡ್ರೆ ಜನ ಏನಂತಾರೆ? ಮೈಸೂರ್ ಸಿಲ್ಕ್ ಉಟ್ಕೋತೀನಿ, ಬಾಗಿನ ಬಿಟ್ಟಂಗೆ ತೆಗಿ’ ಅಂದರು. ರೇಷ್ಮೆ ಸೀರೆ ಉಟ್ಟು ಬಕೆಟ್ಟು ಹಿಡಿದರೆ ಅದು ಬೇರೆಯೇ ಫೋಟೋ ಆಗುತ್ತದೆ ಅಂದೆ. ಯಾವ ಫೋಟೋ ಅಂತ ಕೇಳಿದರು. ಬಾಗಿನ ಬಿಡುವ ಮಂತ್ರಿಗಳದ್ದು ಅಂದೆ. ನಕ್ಕರು, ಆದರೆ ಪಟ್ಟು ಬಿಡಲಿಲ್ಲ.

ಆಮೇಲೆ ಅವರೇ ಇನ್ನೊಂದು ತಂದಿಟ್ಟರು. ‘ನಾನೊಬ್ಳೇ ಯಾಕೆ? ಆ ನೀರು ಬೋರ್‌ನಲ್ಲಿ ಎತ್ತಿ ಕುಡಿಯೋರು ನಮ್ಮ ಅತ್ತಿಗೆ. ಅವರನ್ನೂ ನಿಲ್ಸು.’ ಅತ್ತಿಗೆ ಅಂದರೆ ಅವರ ಅಣ್ಣನ ಹೆಂಡತಿ, ಅದೇ ಊರಿನಲ್ಲಿ ಎರಡು ಹಸು, ಅರ್ಧ ಎಕರೆ ಟೊಮೆಟೊ ಇಟ್ಟುಕೊಂಡು ಇರುವವರು. ನನ್ನ ಚೌಕಟ್ಟಿನಲ್ಲಿ ಇದ್ದದ್ದು ಒಬ್ಬರೇ. ಒಂಟಿ ಮನುಷ್ಯ, ದೊಡ್ಡ ನೀರು, ಇಂಥ ಫೋಟೋಗಳೆಲ್ಲ ಹಾಗೇ ಇರುವುದು. ಆದರೆ ಅವರ ಮಾತಿಗೆ ನನ್ನ ಹತ್ತಿರ ಎದುರುತ್ತರ ಇಲ್ಲ. ಪೈಪಿನ ಈ ತುದಿಯವರನ್ನು ಮಾತ್ರ ನಿಲ್ಲಿಸಿ ಆ ತುದಿಯವರನ್ನು ಚೌಕಟ್ಟಿನಿಂದ ಹೊರಗೆ ಇಡುವುದು, ಕರೆಂಟ್ ಕಂಬ ಕಾಣದಂತೆ ಪಕ್ಕಕ್ಕೆ ಸರಿಯುವುದು, ಎರಡೂ ಒಂದೇ ಚಾಳಿ.

ಇಬ್ಬರಾದರೆ ಎಲ್ಲ ಲೆಕ್ಕವೂ ಬದಲಾಗುತ್ತದೆ. 35 ಸಾಲದು, 28 ಬೇಕಾಗಬಹುದು. ಇಬ್ಬರ ನಡುವೆ ಎಷ್ಟು ಜಾಗ ಬಿಡುವುದು, ಅತ್ತಿಗೆಯ ಕೈಯಲ್ಲಿ ಏನಿರಬೇಕು ಅನ್ನುವುದನ್ನು ಅವರನ್ನೇ ಕೇಳಬೇಕು. ಈ ಐಡಿಯಾ ಕೇಳಿ ಅವರು ಅಟ್ಟಿಸಿಕೊಂಡು ಬರಲೂಬಹುದು, ‘ನಿಮ್ಮ ಸ್ನಾನದ ನೀರು ಕುಡಿಸ್ತಾ ಇದ್ದೀರಾ, ಮೇಲಿಂದ ಫೋಟೋ ಬೇರೆ’ ಅಂತ. ದೀಪಾವಳಿಗೆ ಊರಿಗೆ ಹೋದಾಗ ಕೇಳುವುದು ಅಂತ ತೀರ್ಮಾನವಾಗಿದೆ. ಒಂದು ಅನುಕೂಲವೂ ಇದೆ. ಅತ್ತಿಗೆ ದಿನಾ ಬೆಳಿಗ್ಗೆ ನೈಟಿಯ ಮೇಲೊಂದು ಟವೆಲ್ ಹಾಕಿಕೊಂಡೇ ಏರಿಯ ಮೇಲೆ ಹಸು ಹೊಡೆದುಕೊಂಡು ಹೋಗುತ್ತಾರಂತೆ. ‘ಅವರು ನೈಟಿಲೇ ನಿಂತ್ರೆ ನಾನೂ ನೈಟಿಲೇ ನಿಲ್ತೀನಿ’ ಅಂತ ಚಿಕ್ಕಮ್ಮ ಹೇಳಿದ್ದಾರೆ. ‘ಆದ್ರೆ ಒಗೆದಿರೋದು ಹಾಕ್ಕೋ ಅಂತ ಅವರಿಗೆ ನೀನೇ ಹೇಳ್ಬೇಕು, ನಾನ್ ಹೇಳಲ್ಲ.’